ನೊರೆ ಕಾಣುತ್ತೆ, ಲೋಹ ಕಾಣಲ್ಲ: ಬೈರಮಂಗಲ ಕೆರೆ ಗೋಡು ಹೊಲಕ್ಕೆ ಹೊಡೆಯೋ ಮುಂಚೆ ತಿಳಿಯಬೇಕಾದ್ದು

ಬಿಡದಿ: ಬೇಸಿಗೆಯಲ್ಲಿ ಕೆರೆ ನೀರು ಇಳಿದರೆ ಸಾಕು, ಟ್ರ್ಯಾಕ್ಟರ್‌ಗಳು ಅಂಗಳಕ್ಕೆ ಇಳಿಯುತ್ತವೆ. ಗೋಡು ತುಂಬಿಕೊಂಡು ಹೊಲಕ್ಕೆ ಹೊಡೆಯೋದು ನಮ್ಮ ಸೀಮೆಯಲ್ಲಿ ತಾತ ಮುತ್ತಾತನ ಕಾಲದಿಂದ ಬಂದ ಪದ್ಧತಿ. ಕೆರೆಗೋಡು ಬಿದ್ದ ಹೊಲಕ್ಕೆ ಎರಡು ಮೂರು ವರ್ಷ ಗೊಬ್ಬರದ ಚಿಂತೆ ಇಲ್ಲ ಅಂತಾರೆ. ಮಾತು ಸುಳ್ಳಲ್ಲ. ಮಳೆ ನೀರು ಗುಡ್ಡದ ಮೇಲ್ಮಣ್ಣು, ಎಲೆ, ಸಗಣಿ ಎಲ್ಲ ಹೊತ್ತು ತಂದು ತಳಕ್ಕೆ ಕೂರಿಸಿದ್ದೇ ಗೋಡು. ಅದಕ್ಕಿಂತ ಒಳ್ಳೆ ಗೊಬ್ಬರ ಇನ್ನೆಲ್ಲಿ?

ಆದರೆ ಈ ಲೆಕ್ಕ ಮಳೆ ನೀರಿನ ಕೆರೆಗೆ ಮಾತ್ರ. ಬೆಂಗಳೂರಿನ ಒಳಚರಂಡಿ ಮತ್ತು ಕಾರ್ಖಾನೆ ನೀರು ದಶಕಗಳಿಂದ ಬಂದು ನಿಲ್ಲುತ್ತಿರುವ ಬೈರಮಂಗಲದಂಥ ಜಲಾಶಯದ ಗೋಡಿಗೆ ಇದೇ ಮಾತು ಹೇಳೋಕಾಗಲ್ಲ. ಅಲ್ಲಿ ಗೊಬ್ಬರದ ಜೊತೆ ಕ್ರೋಮಿಯಂ, ಸೀಸ, ಕ್ಯಾಡ್ಮಿಯಂ, ನಿಕ್ಕಲ್ ಕೂಡ ಕೂತಿರುವ ಸಾಧ್ಯತೆ ಇದೆ. ಇವು ಕಣ್ಣಿಗೆ ಕಾಣಲ್ಲ, ಮೂಗಿಗೆ ಬಡಿಯಲ್ಲ. ಒಂದು ಸಲ ಹೊಲಕ್ಕೆ ಬಿದ್ದರೆ ವಾಪಸ್ ತೆಗೆಯೋದೂ ಸುಲಭ ಅಲ್ಲ.

ಅಷ್ಟಕ್ಕೂ ಈ ಲೋಹ ಬರೋದು ಎಲ್ಲಿಂದ? ಮಣ್ಣಿನಲ್ಲೇ ಯಾಕೆ ಉಳಿಯುತ್ತೆ? ರೈತ ಏನು ಮಾಡಬಹುದು? ಒಂದೊಂದಾಗಿ ನೋಡೋಣ.

ಬಸವನಗುಡಿಯಿಂದ ಸಂಗಮದವರೆಗೆ

ವೃಷಭಾವತಿ ಹುಟ್ಟೋದು ಬೆಂಗಳೂರಿನ ಬಸವನಗುಡಿಯ ದೊಡ್ಡ ಬಸವಣ್ಣನ ಗುಡಿ ಹತ್ತಿರ ಅನ್ನೋದು ಪ್ರತೀತಿ. ಹೆಸರು ಬಂದಿದ್ದೂ ಆ ಬಸವನಿಂದಲೇ. ಮಲ್ಲೇಶ್ವರದ ಕಡೆಯಿಂದ ಬರುವ ಇನ್ನೊಂದು ಕವಲೂ ಇದಕ್ಕೆ ಸೇರುತ್ತೆ. ಗಾಳಿ ಆಂಜನೇಯ ದೇವಸ್ಥಾನ ದಾಟಿ, ಮೈಸೂರು ರಸ್ತೆ ಪಕ್ಕದಲ್ಲೇ ಹರಿದು, ಕೆಂಗೇರಿ ಮೇಲೆ ಬಿಡದಿ ಸಮೀಪದ ಬೈರಮಂಗಲ ಜಲಾಶಯಕ್ಕೆ ಬರುತ್ತೆ. ಅಲ್ಲಿಂದ ಮುಂದೆ ಸುವರ್ಣಮುಖಿ ಜೊತೆಗೂಡಿ ಅರ್ಕಾವತಿ ಸೇರುತ್ತೆ. ಅರ್ಕಾವತಿ ಕನಕಪುರ ತಾಲ್ಲೂಕಿನ ಸಂಗಮದಲ್ಲಿ ಕಾವೇರಿಗೆ ಸೇರುತ್ತೆ. ಅಂದರೆ ಬಸವನಗುಡಿ ಮೋರಿಗೆ ಬಿದ್ದಿದ್ದು ಕಾವೇರಿವರೆಗೂ ಹೋಗುವ ದಾರಿ ಇದೆ.

ಬೈರಮಂಗಲ ಜಲಾಶಯ ಕಟ್ಟಿದ್ದು 1940ರ ದಶಕದಲ್ಲಿ, ನೀರಾವರಿಗೆ. ಆಗ ಇದು ಶುದ್ಧ ಹೊಳೆ. ಆಮೇಲೆ ಊರು ಬೆಳೀತು, ರಾಜಾಜಿನಗರ, ಪೀಣ್ಯ, ಕುಂಬಳಗೋಡು ಕಡೆ ಕೈಗಾರಿಕೆಗಳು ಬಂದವು. ಈಗ ಬೇಸಿಗೆಯಲ್ಲಿ ಹೊಳೆಯಲ್ಲಿ ಹರಿಯೋದು ಬಹುಪಾಲು ನಗರ ಬಿಟ್ಟ ನೀರೇ. ವಿಚಿತ್ರ ಅಂದ್ರೆ, ಬೇರೆ ಕೆರೆ ಒಣಗಿದರೂ ಬೈರಮಂಗಲ ಒಣಗಲ್ಲ. ಅದಕ್ಕೇ ಇಲ್ಲಿನ ರೈತರು ಕೊಳಕು ನೀರು ಅಂತ ಗೊತ್ತಿದ್ದೂ ಪೂರ್ತಿ ಬೇಡ ಅನ್ನೋ ಸ್ಥಿತಿಯಲ್ಲಿಲ್ಲ. ಭತ್ತ ಬಿಟ್ಟು ಸೀಮೆಹುಲ್ಲು, ಬೇಬಿ ಕಾರ್ನ್, ಹಿಪ್ಪುನೇರಳೆ, ತೆಂಗು ಕಡೆ ತಿರುಗಿ ಬದುಕು ಕಟ್ಟಿಕೊಂಡಿದ್ದಾರೆ.

ಭಾರ ಲೋಹ ಅಂದ್ರೆ ಯಾವುದು?

ಕ್ರೋಮಿಯಂ, ನಿಕ್ಕಲ್, ಸೀಸ, ಕ್ಯಾಡ್ಮಿಯಂ, ಪಾದರಸ, ತಾಮ್ರ, ಸತು ಇವೆಲ್ಲ ಈ ಗುಂಪಿನವು. ತಾಮ್ರ, ಸತು ಸ್ವಲ್ಪ ಪ್ರಮಾಣದಲ್ಲಿ ಗಿಡಕ್ಕೂ ಬೇಕು, ಮನುಷ್ಯನಿಗೂ ಬೇಕು. ಸೀಸ, ಕ್ಯಾಡ್ಮಿಯಂ, ಪಾದರಸ ಮಾತ್ರ ಯಾರಿಗೂ ಬೇಡ.

ಮೂಲ ಹುಡುಕಿದರೆ ದೂರ ಹೋಗಬೇಕಿಲ್ಲ. ನಲ್ಲಿ, ಬೋಲ್ಟು, ಬೈಕಿನ ಬಿಡಿಭಾಗ ಹೊಳೆಯೋ ಹಾಗೆ ಮಾಡುವ ಎಲೆಕ್ಟ್ರೋಪ್ಲೇಟಿಂಗ್ ಘಟಕಗಳಿಂದ ಕ್ರೋಮಿಯಂ, ನಿಕ್ಕಲ್, ಸತು ಬರುತ್ತೆ. ಹಳೇ ಬ್ಯಾಟರಿ ಒಡೆಯುವ ಜಾಗದಿಂದ ಸೀಸ. ಬಣ್ಣ, ಡೈಯಿಂಗ್, ಗ್ಯಾರೇಜ್, ಎಲೆಕ್ಟ್ರಾನಿಕ್ ತ್ಯಾಜ್ಯ, ರಸ್ತೆ ಧೂಳು ಇವೆಲ್ಲದರ ಪಾಲೂ ಇದೆ. ದೇಶದಲ್ಲಿ ಸೀಸದ ಪೆಟ್ರೋಲ್ ನಿಂತಿದ್ದು 2000ದಲ್ಲಿ. ಅಲ್ಲೀವರೆಗೆ ಗಾಡಿ ಹೊಗೆಯಲ್ಲಿ ಬಂದ ಸೀಸ ರಸ್ತೆ ಬದಿ ಮಣ್ಣಿನಲ್ಲಿ ಕೂತು, ಮಳೆ ಜೊತೆ ಮೋರಿಗೆ ಇಳೀತು.

ಒಳಚರಂಡಿ ನೀರು ಶುದ್ಧೀಕರಣ ಘಟಕಕ್ಕೆ ಹೋದರೆ ಲೋಹ ಹೋಗಲ್ವಾ ಅಂತ ಕೇಳಬಹುದು. ಆ ಘಟಕಗಳನ್ನ ಕಟ್ಟಿರೋದು ಮನುಷ್ಯರ ಮಲಿನ ಕರಗಿಸೋಕೆ. ಬ್ಯಾಕ್ಟೀರಿಯಾಗಳು ಕೊಳಕನ್ನ ತಿಂದು ಮುಗಿಸುತ್ತವೆ, ಲೋಹವನ್ನ ತಿನ್ನೋಕಾಗಲ್ಲ. ಲೋಹದ ಒಂದು ಭಾಗ ಅಲ್ಲಿನ ಕೆಸರಿಗೆ ಸೇರುತ್ತೆ, ಉಳಿದಿದ್ದು ನೀರಿನ ಜೊತೆ ಮುಂದೆ ಹೋಗುತ್ತೆ. ಹಾಗಾಗಿ ಕಾರ್ಖಾನೆ ಗೇಟಿನ ಒಳಗೇ ಲೋಹ ತೆಗೆಯಬೇಕು ಅನ್ನೋದು ನಿಯಮ. ಅಲ್ಲಿ ತಪ್ಪಿದರೆ ಮುಂದೆ ಹಿಡಿಯೋದು ಕಷ್ಟ.

ನೊರೆಯೇ ಬೇರೆ, ಲೋಹವೇ ಬೇರೆ

ಬೈರಮಂಗಲ ಅಂದ ತಕ್ಷಣ ಎಲ್ಲರ ಕಣ್ಣಿಗೆ ಬರೋದು ಬಿಳಿ ನೊರೆ. ಟಿವಿಯಲ್ಲಿ ತೋರಿಸಿದ್ದೂ ಅದನ್ನೇ. ನೊರೆಗೆ ಮುಖ್ಯ ಕಾರಣ ಸೋಪು, ಡಿಟರ್ಜೆಂಟ್. ಕೆಟ್ಟ ವಾಸನೆಗೆ ಕಾರಣ ಒಳಚರಂಡಿ ಕೊಳೆತು ಹುಟ್ಟುವ ಅನಿಲ. ಲೋಹಕ್ಕೆ ನೊರೆಯೂ ಇಲ್ಲ, ವಾಸನೆಯೂ ಇಲ್ಲ. ನಾಳೆ ನೊರೆ ಪೂರ್ತಿ ನಿಂತರೂ, ನೀರು ತಿಳಿಯಾದರೂ, ತಳದಲ್ಲಿ ಕೂತಿರೋದು ಕೂತೇ ಇರುತ್ತೆ.

ಇನ್ನೊಂದು ವಿಷಯ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಕಲುಷಿತ ನದಿಗಳ ಪಟ್ಟಿ ಮಾಡುತ್ತೆ. 2022ರ ಪಟ್ಟಿಯಲ್ಲಿ ಕರ್ನಾಟಕದ 17 ನದಿ ಪಾತ್ರಗಳಿದ್ದವು, ಅದರಲ್ಲಿ ಅರ್ಕಾವತಿಯೂ ಒಂದು. ಆದರೆ ಈ ಪಟ್ಟಿ ಮಾಡೋದು ಬಿಒಡಿ ಅನ್ನೋ ಅಳತೆ ಮೇಲೆ. ಅಂದ್ರೆ ನೀರಿನಲ್ಲಿ ಕೊಳೆಯುವ ವಸ್ತು ಎಷ್ಟಿದೆ, ಅದು ಎಷ್ಟು ಆಮ್ಲಜನಕ ನುಂಗುತ್ತೆ ಅನ್ನೋ ಲೆಕ್ಕ. ತಳದ ಮಣ್ಣಿನ ಲೋಹಕ್ಕೂ ಈ ಪಟ್ಟಿಗೂ ಸಂಬಂಧ ಇಲ್ಲ. ನದಿ ಪಟ್ಟಿಯಿಂದ ಹೊರಗೆ ಬಂತು ಅಂದ ಮಾತ್ರಕ್ಕೆ ಗೋಡು ಶುದ್ಧ ಆಯ್ತು ಅಂತ ಅರ್ಥ ಅಲ್ಲ.

ಮಣ್ಣಿನಲ್ಲೇ ಯಾಕೆ ಕೂರುತ್ತೆ?

ಹರಿಯೋ ನೀರಿನಲ್ಲಿ ಲೋಹ ಬಹಳ ಹೊತ್ತು ಒಂಟಿಯಾಗಿ ಇರಲ್ಲ. ಏನಾದರೂ ಸಿಕ್ಕರೆ ಅಂಟಿಕೊಳ್ಳುತ್ತೆ. ಸಣ್ಣ ಜೇಡಿಮಣ್ಣಿನ ಕಣ, ಕೊಳೆತ ಎಲೆ, ಒಳಚರಂಡಿ ಕೊಳೆ, ಕೆಂಪು ಮಣ್ಣಿನಲ್ಲಿರುವ ಕಬ್ಬಿಣದ ತುಕ್ಕು ಇವೆಲ್ಲ ಅದಕ್ಕೆ ಹಿಡಿತ ಕೊಡುತ್ತವೆ. ಮರಳಿನ ಕಣ ದಪ್ಪ, ಅದರ ಮೇಲೆ ಜಾಗ ಕಡಿಮೆ. ಜೇಡಿ ಕಣ ಸಣ್ಣದು, ಒಂದು ಹಿಡಿ ಜೇಡಿಯಲ್ಲಿ ಅಂಟಿಕೊಳ್ಳೋಕೆ ಸಿಗುವ ಜಾಗ ಮರಳಿಗಿಂತ ಎಷ್ಟೋ ಪಟ್ಟು ಹೆಚ್ಚು.

ಹೊಳೆ ಜೋರಾಗಿ ಓಡುವಾಗ ಈ ಕಣಗಳು ತೇಲುತ್ತಾ ಹೋಗುತ್ತವೆ. ಕೆರೆಗೆ ಬಂದು ನೀರು ನಿಂತ ಕೂಡಲೇ ತಳಕ್ಕೆ ಇಳಿಯುತ್ತವೆ. ಅದಕ್ಕೇ ನದಿಗಿಂತ ಜಲಾಶಯದ ತಳದಲ್ಲಿ ಹೆಚ್ಚು ಶೇಖರಣೆ. ಇವತ್ತು ಬಾಟಲಿಯಲ್ಲಿ ನೀರು ಹಿಡಿದು ಟೆಸ್ಟ್ ಮಾಡಿದರೆ ಇವತ್ತಿನ ಕಥೆ ಮಾತ್ರ ಗೊತ್ತಾಗುತ್ತೆ. ಬೆಳಿಗ್ಗೆ ಹಿಡಿದರೆ ಬೆಳಗಿನದು, ರಾತ್ರಿ ಕದ್ದು ಬಿಟ್ಟ ನೀರು ಅಷ್ಟೊತ್ತಿಗೆ ಮುಂದೆ ಹೋಗಿರುತ್ತೆ. ತಳದ ಮಣ್ಣು ಹಾಗಲ್ಲ. ಅದು ಬ್ಯಾಂಕ್ ಪಾಸ್‌ಬುಕ್ ಇದ್ದ ಹಾಗೆ, ವರ್ಷ ವರ್ಷದ ಜಮೆ ಎಲ್ಲ ಪದರ ಪದರವಾಗಿ ಇರುತ್ತೆ. ಕೊಳವೆ ಇಳಿಸಿ ಮಣ್ಣಿನ ಕಂಬ ತೆಗೆದು, ಪದರ ಬಿಡಿಸಿ ಪರೀಕ್ಷೆ ಮಾಡಿದರೆ ಯಾವ ಕಾಲದಲ್ಲಿ ಎಷ್ಟು ಬಂತು ಅಂತ ಹೇಳಬಹುದು.

ಕೆರೆ ತಳದ ಕೆಸರು ಕಪ್ಪಗೆ ಇರೋದನ್ನ ನೋಡಿರ್ತೀರಿ. ಅಲ್ಲಿ ಗಾಳಿ ಇಲ್ಲ. ಗಾಳಿ ಇಲ್ಲದ ಕಡೆ ಗಂಧಕ ಮತ್ತು ಲೋಹ ಸೇರಿ ಸಲ್ಫೈಡ್ ಆಗಿ ಗಟ್ಟಿಯಾಗಿ ಕೂರುತ್ತವೆ. ನೀರಿನ ಅಡಿ ಇದ್ದಷ್ಟು ದಿನ ಅದು ಹೆಚ್ಚಾಗಿ ಕದಲಲ್ಲ. ಸಮಸ್ಯೆ ಶುರುವಾಗೋದು ಅದನ್ನ ಮೇಲೆ ತೆಗೆದಾಗ.

ಹೊಲಕ್ಕೆ ಬಿದ್ದ ಮೇಲೆ ಏನಾಗುತ್ತೆ?

ಕಪ್ಪು ಕೆಸರು ಬಿಸಿಲಿಗೆ ಒಣಗಿದಾಗ ಗಾಳಿ ತಾಗುತ್ತೆ. ಸಲ್ಫೈಡ್ ಒಡೆದು ಸ್ವಲ್ಪ ಆಮ್ಲ ಹುಟ್ಟುತ್ತೆ, ಹಿಡಿದಿಟ್ಟಿದ್ದ ಕ್ಯಾಡ್ಮಿಯಂ, ಸತು ಸಡಿಲ ಆಗುತ್ತವೆ. ಕೆರೆಯಲ್ಲಿ ಸುಮ್ಮನಿದ್ದದ್ದು ಹೊಲದಲ್ಲಿ ಬೇರಿಗೆ ಸಿಗೋ ಸ್ಥಿತಿಗೆ ಬರುತ್ತೆ. ಮಣ್ಣು ಹುಳಿ ಇದ್ದಷ್ಟೂ ಇದು ಜಾಸ್ತಿ.

ಒಂದು ಲೆಕ್ಕ ಹಾಕೋಣ. ಇದು ಯಾವುದೇ ಕೆರೆಯ ಟೆಸ್ಟ್ ಅಂಕಿ ಅಲ್ಲ, ಅರ್ಥ ಆಗಲಿ ಅಂತ ಹಾಕಿದ ಉದಾಹರಣೆ. ಒಂದು ಕೆ.ಜಿ ಗೋಡಿನಲ್ಲಿ 5 ಮಿಲಿಗ್ರಾಂ ಕ್ಯಾಡ್ಮಿಯಂ ಇದೆ ಅಂದುಕೊಳ್ಳಿ. ಒಂದು ಲೋಡು 3 ಟನ್. ಎಕರೆಗೆ 10 ಲೋಡು ಹೊಡೆದರೆ 30 ಟನ್, ಅಂದ್ರೆ 150 ಗ್ರಾಂ ಕ್ಯಾಡ್ಮಿಯಂ. ಒಂದು ಎಕರೆಯ ಮೇಲಿನ ಅರ್ಧ ಅಡಿ ಮಣ್ಣು ಸುಮಾರು 900 ಟನ್ ತೂಗುತ್ತೆ. ಅದರಲ್ಲಿ ಹರಡಿದರೆ ಕೆ.ಜಿ ಮಣ್ಣಿಗೆ ಸುಮಾರು 0.17 ಮಿಲಿಗ್ರಾಂ ಸೇರಿದ ಹಾಗೆ. ಭೂಮಿಯಲ್ಲಿ ಸಹಜವಾಗಿ ಇರೋದೇ ಕೆ.ಜಿಗೆ 0.1ರಿಂದ 0.2 ಮಿಲಿಗ್ರಾಂ ಆಸುಪಾಸು. ಅಂದರೆ ಒಂದೇ ಸಲಕ್ಕೆ ಹತ್ತಿರ ಹತ್ತಿರ ದುಪ್ಪಟ್ಟು.

ಒಂದು ಸಲದಲ್ಲಿ ಯಾರೂ ಸಾಯಲ್ಲ. ಆದರೆ ಇದು ಯೂರಿಯಾ ಅಲ್ಲ, ಮುಂದಿನ ವರ್ಷಕ್ಕೆ ಖಾಲಿ ಆಗಲ್ಲ. ಕೊಳೆಯಲ್ಲ, ಆವಿ ಆಗಲ್ಲ. ಪ್ರತಿ ಸಲ ಹಾಕಿದ್ದು ಹಿಂದಿನದರ ಮೇಲೆ ಸೇರುತ್ತೆ.

ನಾಲೆ ನೀರಿಗೂ ಇದೇ ಲೆಕ್ಕ. ನೀರಾವರಿ ನೀರಿನಲ್ಲಿ ಕ್ಯಾಡ್ಮಿಯಂ ಲೀಟರಿಗೆ 0.01 ಮಿಲಿಗ್ರಾಂ ದಾಟಬಾರದು ಅನ್ನೋದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಸಲಹೆ. ಸರಿಯಾಗಿ ಆ ಮಿತಿಯಲ್ಲೇ ಇರೋ ನೀರನ್ನ ಎಕರೆಗೆ ವರ್ಷಕ್ಕೆ 40 ಲಕ್ಷ ಲೀಟರ್ ಹಾಯಿಸಿದರೂ 40 ಗ್ರಾಂ ಹೊಲಕ್ಕೆ ಬರುತ್ತೆ. ನಾಲ್ಕು ವರ್ಷಕ್ಕೆ ಮೇಲೆ ಹೇಳಿದ ಹತ್ತು ಲೋಡು ಗೋಡಿಗೆ ಸಮ.

ಬೆಳೆ, ಹಾಲು, ಮೀನು

ಎಲ್ಲ ಬೆಳೆ ಒಂದೇ ತರ ಹೀರಲ್ಲ. ಪಾಲಕ್, ದಂಟು, ಕೊತ್ತಂಬರಿಯಂಥ ಸೊಪ್ಪುಗಳು ಕ್ಯಾಡ್ಮಿಯಂ ಬೇಗ ಎಳೆದುಕೊಳ್ಳುತ್ತವೆ. ಮೂಲಂಗಿ, ಕ್ಯಾರೆಟ್‌ನಂಥ ಗೆಡ್ಡೆಗಳೂ ಅಪಾಯದ ಸಾಲಿನಲ್ಲೇ. ಕಾಯಿ, ಕಾಳಿಗೆ ಸಾಮಾನ್ಯವಾಗಿ ಕಡಿಮೆ ಹೋಗುತ್ತೆ. ಸೀಸ ಬೇರಿನಿಂದ ಮೇಲಕ್ಕೆ ಹತ್ತೋದು ಕಡಿಮೆ, ಆದರೆ ಸೊಪ್ಪಿನ ಮೇಲೆ ಅಂಟಿದ ಮಣ್ಣು, ಧೂಳಿನ ಮೂಲಕ ಹೊಟ್ಟೆಗೆ ಹೋಗುತ್ತೆ. ತೊಳೆದರೆ ಈ ಭಾಗ ಕಡಿಮೆ ಮಾಡಬಹುದು. ಒಳಗೆ ಹೀರಿದ್ದು ತೊಳೆದರೂ ಹೋಗಲ್ಲ, ಬೇಯಿಸಿದರೂ ಹೋಗಲ್ಲ. ನೀರಿಗೂ ಅಷ್ಟೇ, ಕುದಿಸಿದರೆ ರೋಗಾಣು ಸಾಯುತ್ತೆ, ಲೋಹ ಹಾಗೇ ಉಳಿಯುತ್ತೆ.

ಸೀಮೆಹುಲ್ಲು ಮನುಷ್ಯ ತಿನ್ನಲ್ಲ, ಹಾಗಾಗಿ ಪರವಾಗಿಲ್ಲ ಅನ್ನೋದು ಅರ್ಧ ಸತ್ಯ. ಹಸು ಹುಲ್ಲಿನ ಜೊತೆ ಬುಡದ ಮಣ್ಣನ್ನೂ ತಿನ್ನುತ್ತೆ. ಹೊಟ್ಟೆಗೆ ಹೋದ ಲೋಹದಲ್ಲಿ ಸ್ವಲ್ಪ ಭಾಗ ಮಾತ್ರ ಹಾಲಿಗೆ ಇಳಿಯುತ್ತೆ, ಮೂತ್ರಪಿಂಡ, ಯಕೃತ್ತಿನಲ್ಲಿ ಹೆಚ್ಚು ಉಳಿಯುತ್ತೆ. ಹಾಗಂತ ಹಾಲಿನ ಟೆಸ್ಟ್ ಬೇಡ ಅನ್ನೋಕಾಗಲ್ಲ, ಯಾಕಂದ್ರೆ ಹಾಲು ಕುಡಿಯೋರಲ್ಲಿ ಮಕ್ಕಳೇ ಮುಂದೆ. ಮೀನಿನಲ್ಲೂ ಕಿವಿರು, ಯಕೃತ್ತಿನಲ್ಲಿ ಲೋಹ ಹೆಚ್ಚು. ತಳ ಕೆದಕಿ ತಿನ್ನುವ ಮೀನಿಗೆ ಇನ್ನೂ ಜಾಸ್ತಿ.

ದೇಹದಲ್ಲಿ ಆಗೋದೇನು? ಸೀಸ ಮಕ್ಕಳ ಮಿದುಳಿನ ಬೆಳವಣಿಗೆಗೆ ಪೆಟ್ಟು ಕೊಡುತ್ತೆ. ಇಷ್ಟರವರೆಗೆ ಸೀಸ ಇದ್ದರೆ ಪರವಾಗಿಲ್ಲ ಅನ್ನೋ ಮಟ್ಟವೇ ಗೊತ್ತಿಲ್ಲ ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ಕ್ಯಾಡ್ಮಿಯಂ ಮೂತ್ರಪಿಂಡದಲ್ಲಿ ಕೂರುತ್ತೆ, ಅಲ್ಲಿ ಅರ್ಧ ಖಾಲಿ ಆಗೋಕೇ 10ರಿಂದ 30 ವರ್ಷ ಬೇಕು. ಆರು ವೇಲೆನ್ಸಿಯ ಕ್ರೋಮಿಯಂ ಚರ್ಮಕ್ಕೆ ಹುಣ್ಣು ತರುತ್ತೆ, ಕ್ಯಾನ್ಸರ್‌ಕಾರಕ ಅಂತಲೂ ಗುರುತಾಗಿದೆ. ನಿಕ್ಕಲ್‌ನಿಂದ ಚರ್ಮದ ಅಲರ್ಜಿ. ಯಾವುದೂ ನಿನ್ನೆ ತಿಂದು ಇವತ್ತು ಕಾಣಿಸೋ ಕಾಯಿಲೆ ಅಲ್ಲ. ಅದಕ್ಕೇ ಯಾರೂ ಹೊಲದ ಮಣ್ಣಿಗೆ ತಾಳೆ ಹಾಕಿ ನೋಡಲ್ಲ.

ಜಪಾನಿನ ಭತ್ತದ ಗದ್ದೆಗಳ ಪಾಠ

ನಾಲೆ ನೀರಿನಿಂದ ಗದ್ದೆ ಕೆಟ್ಟಿದ್ದಕ್ಕೆ ದೊಡ್ಡ ಉದಾಹರಣೆ ಜಪಾನಿನ ತೊಯಾಮಾ ಪ್ರಾಂತ್ಯ. ಅಲ್ಲಿ ಜಿಂಜೂ ನದಿಯ ಮೇಲ್ಭಾಗದ ಕಮಿಯೋಕಾ ಗಣಿಯಿಂದ ಕ್ಯಾಡ್ಮಿಯಂ ನದಿಗೆ ಸೇರಿತು. ನಾಲೆ ಮೂಲಕ ಗದ್ದೆಗೆ, ಗದ್ದೆಯಿಂದ ಅನ್ನಕ್ಕೆ ಬಂತು. ಮುಖ್ಯವಾಗಿ ವಯಸ್ಸಾದ ಹೆಣ್ಣುಮಕ್ಕಳಿಗೆ ಮೂಳೆ ಸವೆದು, ಸಣ್ಣ ಪೆಟ್ಟಿಗೂ ಮುರಿಯೋ ಕಾಯಿಲೆ ಬಂತು. ನೋವು ತಡೆಯಲಾರದೆ ಅವರು ಕೂಗುತ್ತಿದ್ದ ಶಬ್ದವೇ ಕಾಯಿಲೆಗೆ ಹೆಸರಾಯ್ತು, ಇತಾಯ್ ಇತಾಯ್. ಜಪಾನಿ ಭಾಷೆಯಲ್ಲಿ ನೋವು ನೋವು ಅಂತ.

ಸರ್ಕಾರ ಇದನ್ನ ಮಾಲಿನ್ಯದ ಕಾಯಿಲೆ ಅಂತ ಒಪ್ಪಿದ್ದು 1968ರಲ್ಲಿ. ಗದ್ದೆಗಳ ಮಣ್ಣು ಬದಲಿಸಿ ಸರಿಪಡಿಸುವ ಕೆಲಸ ಮುಗಿದಿದ್ದು 2012ರಲ್ಲಿ. ಹಣ, ತಂತ್ರಜ್ಞಾನ ಎರಡೂ ಇದ್ದ ದೇಶಕ್ಕೇ 800 ಹೆಕ್ಟೇರ್‌ಗೂ ಹೆಚ್ಚು ಗದ್ದೆ ಸರಿ ಮಾಡೋಕೆ ಮೂವತ್ತು ವರ್ಷಕ್ಕೂ ಜಾಸ್ತಿ ಹಿಡೀತು. ಬೈರಮಂಗಲದಲ್ಲಿ ಹೀಗೇ ಆಗುತ್ತೆ ಅಂತ ಅಲ್ಲ, ಅಲ್ಲಿ ಗಣಿ, ಇಲ್ಲಿ ನಗರ, ಪ್ರಮಾಣ ಬೇರೆ. ಆದರೆ ದಾರಿ ಒಂದೇ: ನದಿ, ನಾಲೆ, ಮಣ್ಣು, ತಟ್ಟೆ.

ಮಣ್ಣು ಆರೋಗ್ಯ ಕಾರ್ಡ್‌ನಲ್ಲಿ ಇದು ಇಲ್ಲ

ಮಣ್ಣು ಟೆಸ್ಟ್ ಆಗಿದೆ, ಕಾರ್ಡ್ ಇದೆ ಅಂತ ಎಷ್ಟೋ ರೈತರು ನಿಶ್ಚಿಂತರಾಗಿದ್ದಾರೆ. 2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಕಾರ್ಡ್ ನೋಡೋದು 12 ಅಂಶ: ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್, ರಸಸಾರ, ಲವಣಾಂಶ, ಸಾವಯವ ಇಂಗಾಲ. ಸೀಸ ಇಲ್ಲ, ಕ್ಯಾಡ್ಮಿಯಂ ಇಲ್ಲ, ಕ್ರೋಮಿಯಂ ಇಲ್ಲ, ನಿಕ್ಕಲ್ ಇಲ್ಲ. ಆ ಕಾರ್ಡ್ ಮಾಡಿರೋದು ಗೊಬ್ಬರ ಎಷ್ಟು ಹಾಕಬೇಕು ಅಂತ ಹೇಳೋಕೆ, ವಿಷ ಎಷ್ಟಿದೆ ಅಂತ ಹೇಳೋಕಲ್ಲ. ಲೋಹಕ್ಕೆ ಬೇರೆಯದೇ ಟೆಸ್ಟ್ ಬರೆಸಬೇಕು.

ಟೆಸ್ಟ್ ವರದಿ ಬಂದ ಮೇಲೂ ಗೊಂದಲ ಇದೆ. ಕುಡಿಯೋ ನೀರಿಗೆ ಬಿಐಎಸ್ ಮಿತಿ ಇದೆ, ಲೀಟರಿಗೆ ಸೀಸ 0.01, ಕ್ಯಾಡ್ಮಿಯಂ 0.003 ಮಿಲಿಗ್ರಾಂ. ನದಿ, ಕೆರೆ ತಳದ ಮಣ್ಣಿಗೆ ನಮ್ಮ ದೇಶದ್ದೇ ಆದ ಇಂಥ ಮಾನದಂಡ ಇಲ್ಲ. ಸಂಶೋಧಕರು ಕೆನಡಾ, ಅಮೆರಿಕದ ಅಂಕಿ ಬಳಸ್ತಾರೆ. ಕೆನಡಾ ಪ್ರಕಾರ ಕೆ.ಜಿ ಮಣ್ಣಿಗೆ ಕ್ಯಾಡ್ಮಿಯಂ 0.6, ಸೀಸ 35, ಕ್ರೋಮಿಯಂ 37.3 ಮಿಲಿಗ್ರಾಂ ದಾಟಿದರೆ ಎಚ್ಚರಿಕೆ ಗಂಟೆ. ಕ್ಯಾಡ್ಮಿಯಂ 3.5, ಸೀಸ 91.3, ಕ್ರೋಮಿಯಂ 90 ದಾಟಿದರೆ ಜಲಚರಗಳಿಗೆ ಹಾನಿ ಆಗುವ ಸಾಧ್ಯತೆ ಹೆಚ್ಚು.

ಇಲ್ಲೊಂದು ಮಾತು ನೆನಪಿರಲಿ. ಭೂಮಿಯ ಮೇಲ್ಪದರದಲ್ಲಿ ಕ್ರೋಮಿಯಂ ಸರಾಸರಿಯೇ 100ರ ಆಸುಪಾಸು. ಹಾಗಾಗಿ ಕ್ರೋಮಿಯಂ 60 ಬಂತು ಅಂತ ಗಾಬರಿಯಾಗೋದೂ ತಪ್ಪು. ಸರಿಯಾದ ದಾರಿ ಅಂದ್ರೆ ಅದೇ ಸೀಮೆಯ, ಚರಂಡಿ ನೀರು ಸೇರದ ಇನ್ನೊಂದು ಕೆರೆಯ ಮಣ್ಣನ್ನೂ ಜೊತೆಗೆ ಟೆಸ್ಟ್ ಮಾಡಿಸಿ ಹೋಲಿಸೋದು. ಎಷ್ಟು ಪಟ್ಟು ಹೆಚ್ಚಿದೆ ಅನ್ನೋದೇ ಮುಖ್ಯ.

ತಿರುವು ನಾಲೆ ಮಾಡಿದರೆ ಸರಿ ಹೋಗುತ್ತಾ?

ಕೊಳಕು ನೀರು ಜಲಾಶಯಕ್ಕೆ ಸೇರದಂತೆ ಬದಿಯಲ್ಲಿ ನಾಲೆ ಮಾಡಿ ಮುಂದೆ ಕಳಿಸುವ ಯೋಜನೆ ಬಗ್ಗೆ ಈ ಭಾಗದಲ್ಲಿ ವರ್ಷಗಳಿಂದ ಪರ ವಿರೋಧ ಇದೆ. ಹೊಸ ಲೋಹ ಬರೋದು ನಿಲ್ಲುತ್ತೆ, ಅದು ಲಾಭವೇ. ಆದರೆ ಎರಡು ಪ್ರಶ್ನೆ ಉಳಿಯುತ್ತೆ. ಒಂದು, ಬದಿಯಲ್ಲಿ ಹೋದ ನೀರು ಕೆಳಗಿನ ಊರಿಗೆ, ಕನಕಪುರ ಕಡೆಗೆ ಹಾಗೇ ಹೋಗುತ್ತೆ. ಎರಡು, ಈಗಾಗಲೇ ತಳದಲ್ಲಿ ಕೂತಿರುವ ಹೂಳು ಅಲ್ಲೇ ಇರುತ್ತೆ. ಕೆರೆ ಶುದ್ಧ ಮಾಡೋಕೆ ಅಂತ ಆ ಹೂಳು ಎತ್ತಿದರೆ, ಅದನ್ನ ಎಲ್ಲಿ ಹಾಕ್ತಾರೆ?

ಇದೇ ಅಸಲಿ ಪ್ರಶ್ನೆ. ಸಾಮಾನ್ಯ ಕೆರೆಯಲ್ಲಿ ಹೂಳು ಎತ್ತಿದರೆ ರೈತರು ಖುಷಿಯಿಂದ ಒಯ್ಯುತ್ತಾರೆ, ಸರ್ಕಾರಕ್ಕೂ ಸಾಗಣೆ ಖರ್ಚು ಉಳಿಯುತ್ತೆ. ಇಲ್ಲಿ ಹಾಗೆ ಮಾಡಿದರೆ ಒಂದೇ ಕಡೆ ಇದ್ದ ಲೋಹವನ್ನ ಸಾವಿರ ಹೊಲಕ್ಕೆ ಹಂಚಿದ ಹಾಗೆ. ಬೈರಮಂಗಲ, ಕಂಚುಗಾರನಹಳ್ಳಿ ಭಾಗದಲ್ಲಿ ಈಗ ಟೌನ್‌ಶಿಪ್ ಮಾತು ಜೋರಾಗಿದೆ. ಜಮೀನು ಉಳಿಯಲಿ, ಟೌನ್‌ಶಿಪ್ ಆಗಲಿ, ಹೂಳಿನ ಲೆಕ್ಕ ಯಾರಾದರೂ ಕೊಡಲೇಬೇಕು.

ರೈತರು ಈಗ ಏನು ಮಾಡಬಹುದು?

- ಚರಂಡಿ ನೀರು ಸೇರುವ ಕೆರೆಯ ಗೋಡನ್ನ ಟೆಸ್ಟ್ ಇಲ್ಲದೆ ಹೊಲಕ್ಕೆ ಹೊಡೆಯಬೇಡಿ. ಮಳೆ ನೀರಿನ ಕೆರೆಯದಾದರೆ ಹೆದರಬೇಕಿಲ್ಲ.
- ಟೆಸ್ಟ್ ಒಬ್ಬರಿಗೆ ದುಬಾರಿ. ಹತ್ತು ಜನ ಸೇರಿ, ಇಲ್ಲಾಂದ್ರೆ ಹಾಲಿನ ಸಂಘ, ಪಂಚಾಯ್ತಿ ಮೂಲಕ ಮಾಡಿಸಬಹುದು. ಎನ್‌ಎಬಿಎಲ್ ಮಾನ್ಯತೆ ಇರುವ ಪ್ರಯೋಗಾಲಯ ನೋಡಿ. ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ, ನಿಕ್ಕಲ್ ಅಂತ ಹೆಸರು ಬರೆದೇ ಕೊಡಿ.
- ಮಾದರಿ ಒಂದೇ ಕಡೆ ತೆಗೀಬೇಡಿ. ನೀರು ಒಳಬರುವ ಕಡೆ, ಮಧ್ಯೆ, ತೂಬಿನ ಹತ್ತಿರ ಮೂರೂ ಕಡೆಯಿಂದ ತೆಗೀರಿ. ಕಬ್ಬಿಣದ ಸಲಿಕೆ, ತುಕ್ಕು ಡಬ್ಬಿ ಬೇಡ, ಪ್ಲಾಸ್ಟಿಕ್ ಬಳಸಿ.
- ಈಗಾಗಲೇ ನಾಲೆ ನೀರು ಹಾಯಿಸುವ ಹೊಲದಲ್ಲಿ ಸೊಪ್ಪು, ಗೆಡ್ಡೆ ಬೇಡ. ತೆಂಗು, ಮರದ ಬೆಳೆ ವಾಸಿ.
- ಮಣ್ಣು ಹುಳಿ ಇದ್ದರೆ ಕೃಷಿ ಇಲಾಖೆ ಸಲಹೆಯಂತೆ ಸುಣ್ಣ, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಹಾಕಿ. ಲೋಹ ಮಾಯ ಆಗಲ್ಲ, ಆದರೆ ಕ್ಯಾಡ್ಮಿಯಂ ಬೇರಿಗೆ ಸಿಗೋದು ಕಡಿಮೆ ಆಗುತ್ತೆ.
- ಕೆರೆಯಲ್ಲಿ ಹೂಳೆತ್ತುವ ಕೆಲಸ ಮಂಜೂರಾದರೆ ಗ್ರಾಮಸಭೆಯಲ್ಲೇ ಕೇಳಿ: ಹೂಳಿನ ಲೋಹ ಪರೀಕ್ಷೆ ಆಗಿದೆಯಾ, ವರದಿ ಎಲ್ಲಿ, ಹೂಳು ಎಲ್ಲಿಗೆ? ಉತ್ತರ ಬರಲಿಲ್ಲ ಅಂದ್ರೆ ಮಾಹಿತಿ ಹಕ್ಕು ಅರ್ಜಿ ಹಾಕಬಹುದು.

ಗೋಡು ಹೊಡೆಯೋ ಪದ್ಧತಿ ತಪ್ಪಲ್ಲ, ಹಿರಿಯರ ಲೆಕ್ಕವೂ ತಪ್ಪಲ್ಲ. ಅವರ ಕಾಲದ ಕೆರೆಯಲ್ಲಿ ಇದ್ದದ್ದು ಗುಡ್ಡದ ಮಣ್ಣು. ಈಗಿನ ಕೆರೆಯಲ್ಲಿ ನಗರದ ಮಣ್ಣು. ಟ್ರ್ಯಾಕ್ಟರ್ ಅಂಗಳಕ್ಕೆ ಇಳಿಸೋ ಮುಂಚೆ ಒಂದು ಚೀಲ ಮಣ್ಣು ಲ್ಯಾಬಿಗೆ ಹೋಗಿ ಬರಲಿ.